ಅಪ್ಪನ ಸಮಾಧಿಗೆ ಹವಳ

ಥೂ! ಬಿಸಿನೀರಿನ ವರ್ಷ ಬಂದರೆ ಕಿರಿಬಾಸ್ ದ್ವೀಪಗಳ ಸಮುದ್ರವನ್ನು ಕಣ್ಣಲ್ಲಿ ನೋಡಬಾರದು. ಮೊದಲು ಹವಳ ಬಿಳಿಚಿಕೊಳ್ಳುತ್ತದೆ, ಆಮೇಲೆ ಸಾಯುತ್ತದೆ, ಸತ್ತದ್ದರ ಮೇಲೆ ಹಸಿರು ಲೋಳೆ ಕಟ್ಟುತ್ತದೆ. ಈ ಸಲ ನೀರೊಳಗಿನ ಇಡೀ ಹವಳದ ದಿಬ್ಬವೇ ಹಾಗಾಗಿತ್ತು. ಮೀನು ಕೂಡ ಅದನ್ನು ಮೂಸಿ ನೋಡುತ್ತಿರಲಿಲ್ಲ.

ಜೀವ ಹಿಡಿದುಕೊಂಡಿದ್ದದ್ದು ತೆಬೋರಳ ಮನೆಯ ಪಾಲಿನ ನೀರಿನಲ್ಲಿ ನಾಲ್ಕಾರು ಗುಡ್ಡೆ ಮಾತ್ರ. ಸತ್ತುಹೋದ ಅಪ್ಪ ಅವಳಿಗೆ ಹೇಳುತ್ತಿದ್ದ: "ನೀರಿಗೂ ಸರದಿ ಇದೆ ಮಗಳೇ. ಕಾದದ್ದು ತಣಿಯತ್ತೆ. ಬಿಸಿಗೆ ಓಡಿಹೋದ ಹಕ್ಕಿ ವಾಪಸ್ ಬಂತು ಅಂದ್ರೆ ಅದರ ಹಿಂದೆನೇ ತಂಪು. ಅಷ್ಟೊತ್ತಿಗೆ ಒಂದಿಷ್ಟು ಹವಳ ಬದುಕಿದ್ರೆ ಸಾಕು, ದಿಬ್ಬ ಮತ್ತೆ ಚಿಗುರತ್ತೆ."

ಹಕ್ಕಿಗಳು ಹೋದ ವಾರವೇ ಮರಳಿದ್ದವು. ತೆಬೋರ ದಿನಾ ಕಾಲಿಳಿಸಿ ನೋಡುತ್ತಿದ್ದಳು. ನೀರಿನ್ನೂ ಬೆಚ್ಚಗಿತ್ತು.

ಅಷ್ಟರಲ್ಲಿ ಹಡಗಿನ ಕೆಲಸದಿಂದ ರಜೆಗೆ ಬಂದಿದ್ದ ಅಣ್ಣ ಇಯೊಟೆಬಾ, ಮೈಗೆಲ್ಲ ಅತ್ತರು ಪೂಸಿಕೊಂಡು, ಹಾರೆ ಹಿಡಿದು ಬಂದು ನಿಂತ.

"ತಂಗಿ, ಒಂದು ಬುಬುಸಿ ಬೇಡ್ತಿದೀನಿ. ಅಪ್ಪನ ಸಮಾಧಿ ಸುತ್ತ ಕಟ್ಟೆ ಕಟ್ಟಬೇಕು. ಆ ಗುಡ್ಡೆಗಳನ್ನ ಕೊಡು."

"ಸತ್ತಿರೋದು ರಾಶಿ ರಾಶಿ ಬಿದ್ದಿದೆಯಲ್ಲಣ್ಣ!"

"ಅಯ್ಯೇ, ಆ ಲೋಳೆನಾ? ನಾಳಿದ್ದು ಅಪ್ಪನ ವರ್ಷದ ಊಟಕ್ಕೆ ಊರೇ ಬರತ್ತೆ. ಹೊರದೇಶದ ಅಂಗಡೀಲಿ ನೋಡಿದೀನಿ ಕಣೇ, ತಾಜಾ ಹವಳ ಬಿಸಿಲಿಗಿಟ್ರೆ ಹಾಲಿನ ಹಾಗೆ ಬೆಳ್ಳಗಾಗತ್ತೆ."

"ತಂಪು ಬರೋವರ್ಗೂ ತಡಿಯಣ್ಣ. ಹಕ್ಕಿ ಬಂದಿವೆ."

"ಅಂದ್ರೆ, ಇಲ್ಲ ಅಂತಿದೀಯಾ?"

ಒಡಹುಟ್ಟಿದವನು ಬುಬುಸಿ ಎಂದು ಬಾಯಿಬಿಟ್ಟು ಬೇಡಿದ ಮೇಲೆ ಇಲ್ಲ ಎನ್ನುವ ಹೆಂಗಸು ಈ ದ್ವೀಪದಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದರೆ ಅವಳ ಮೊಮ್ಮಕ್ಕಳವರೆಗೂ ಜನ ಆಡಿಕೊಳ್ಳುತ್ತಾರೆ. "ತಗೋ," ಎಂದಳು ತೆಬೋರ. ಹಾಗೆಂದ ತನ್ನ ನಾಲಿಗೆಯ ಮೇಲೇ ಅವಳಿಗೆ ಹೇಸಿಗೆಯಾಯಿತು.

ಪುಣ್ಯಾತ್ಮ ಒಂದನ್ನೂ ಬಿಡದೆ ಒಡೆದ. ಎಲ್ಲವನ್ನೂ ಸಮಾಧಿಯ ಸುತ್ತ ಚಂದಕ್ಕೆ ಜೋಡಿಸಿದ. ಹವಳದ ಜೀವ ಬಿಸಿಲಿಗೆ ಬೆಳ್ಳಗಾಗುವ ಮುಂಚೆ ಕೊಳೆಯುತ್ತದೆಂದು ಅಂಗಡಿಯವನು ಅವನಿಗೆ ಹೇಳಿರಲಿಲ್ಲ. ಊಟದ ದಿನ ಕಲ್ಲುಕಲ್ಲಿನಿಂದಲೂ ಕಂದು ರಸ ಇಳಿಯುತ್ತಿತ್ತು. ನೊಣ ಮುತ್ತಿ ಕಟ್ಟೆ ಕಪ್ಪಗಿತ್ತು. ಚಾಪೆಯ ಮೇಲೆ ಕುಳಿತವರೆಲ್ಲ ಮೂಗು ಮುಚ್ಚಿಕೊಂಡರು, ಹಂದಿಮಾಂಸವನ್ನು ಯಾರೂ ಮುಟ್ಟಲಿಲ್ಲ.

"ಸತ್ತು ವರ್ಷ ಆಯ್ತು, ಮುದುಕ ಈಗ ನಾರೋಕೆ ಶುರು ಮಾಡಿದಾನಲ್ಲ!" ಎಂದಳು ನೆರೆಮನೆಯ ಅಜ್ಜಿ. ಊರೆಲ್ಲ ಗೊಳ್ಳೆಂದು ನಕ್ಕಿತು. ತೆಬೋರಳಿಗೆ ಮೈಯೆಲ್ಲ ಉರಿದುಹೋಯಿತು.

ಮರುದಿನ ಬೆಳಿಗ್ಗೆ ಅಣ್ಣ ಮತ್ತೆ ಬಂದ. "ತಂಗಿ, ಇನ್ನೊಂದೇ ಒಂದು ಬುಬುಸಿ. ಆ ಗಲೀಜನ್ನ ಎತ್ತಿ ಸಮುದ್ರಕ್ಕೆ ಹಾಕಿಬಿಡು. ನಂಗೆ ವಾಂತಿ ಬರತ್ತೆ."

ಬುಟ್ಟಿ ತುಂಬಿ ಹೊತ್ತಳು. ಕೊಳೆತ ರಸ ಮೊಣಕೈವರೆಗೆ ಇಳಿಯಿತು. ಅವುಗಳನ್ನು ಕಿತ್ತ ಜಾಗಕ್ಕೇ ಒಯ್ದು ಹಾಕೋಣವೆಂದು ನೀರಿಗಿಳಿದವಳು ಸೊಂಟದಾಳದಲ್ಲಿ ಗಕ್ಕನೆ ನಿಂತಳು. ನೀರು ತಣ್ಣಗಿತ್ತು. ಅಪ್ಪ ಹೇಳಿದ್ದ ತಂಪು ರಾತ್ರಿಯೇ ಬಂದುಬಿಟ್ಟಿತ್ತು. ಸುತ್ತ ಕಣ್ಣು ಹಾಯಿಸಿದಳು. ಬರೀ ಲೋಳೆ.

"ನೀರು ಹೇಗಿದೆಯೇ?" ದಡದಿಂದ ಅಣ್ಣ ಕೂಗಿದ.

"ತಣ್ಣಗಿದೆ."

"ಹೌದಾ? ಹಾಗಾದ್ರೆ ನಾನೂ ಒಂದು ಮುಳುಗು ಹಾಕ್ತೀನಿ. ಮೈಯೆಲ್ಲ ನಾರ್ತಿದೆ."

ತೆಬೋರ ಬುಟ್ಟಿಯನ್ನು ಬೋರಲು ಹಾಕಿ, ಕ್ಯಾಕರಿಸಿ ಉಗಿದಳು.

"ಹಾಕಣ್ಣ. ಈ ನೀರು ಇನ್ಯಾರಿಗೂ ಬೇಕಾಗಿಲ್ಲ."