ಹೊನ್ನವ್ವನ ಎಡ ಅಂಗೈ

ಬಿಸಿಲು ಬಿದ್ದರೆ ಹೊನ್ನವ್ವ ಮಾಯ, ಹುಣಸೆಮರದ ನೆರಳು ಹಾದರೆ ಹೊನ್ನವ್ವ ಪ್ರತ್ಯಕ್ಷ — ಅಜ್ಜಂಪುರ ಬಿಟ್ಟ ಬಸ್ಸು ಕುಲುಕುತ್ತ ಓಡಿದಂತೆ ತೊಡೆಯ ಮೇಲಿನ ಲ್ಯಾಪ್‌ಟಾಪಿನಲ್ಲಿ ಆ ಮುದುಕಿ ಕಣ್ಣಾಮುಚ್ಚಾಲೆ ಆಡುತ್ತಿದ್ದಾಳೆ, ಕೋಮಲಾ ಸೆರಗನ್ನು ಮುಂದಕ್ಕೆಳೆದು ಪರದೆಗೊಂದು ಚಪ್ಪರ ಮಾಡಿದಳು, ಹಾಂ, ಈಗ ಕಾಣುತ್ತಾಳೆ, ನೂರ ಹನ್ನೆರಡು ಚೌಕಗಳು, ಕಣದ ಸುತ್ತ ಕೂತ ಜನರ ಹಾಗೆ ಸಾಲಾಗಿ, ಒಂದೊಂದರ ಕೆಳಗೂ ಅದು ಎಷ್ಟು ಹೊತ್ತು ನಿಲ್ಲಬೇಕೆಂಬ ಅಳತೆ, ಇದು ಎರಡು ಸೆಕೆಂಡು, ಇದು ನಾಲ್ಕು, ಇದು ರೆಪ್ಪೆ ಬಡಿಯುವಷ್ಟು, ಗುಂಡಿ ಒತ್ತಿದರೆ ಒಂದರ ಬೆನ್ನಿಗೊಂದು ಓಡಿ ಎಂಟು ನಿಮಿಷದ ಕಥೆಯಾಗುತ್ತವೆ, ಬಣ್ಣವಿಲ್ಲ, ಬರೀ ಗೆರೆ, ರಂಗೋಲಿಗೆ ಮೊದಲು ಇಡುವ ಚುಕ್ಕಿಗಳಂತೆ, ಇದಾದ ಮೇಲೆ ತಾನೇ ಕಾರ್ಟೂನ್ ಸಿನಿಮಾ, ಇದಕ್ಕೆ ಸ್ಟೋರಿಬೋರ್ಡು ಅಂತಾರೆ ಅತ್ತೆ ಅಂದಾಗ ಅತ್ತೆ ದಾಕ್ಷಾಯಣಮ್ಮ, ಹೆಸ್ರು ಏನಾರ ಇರ್ಲಿ ಕಣೇ, ನಮ್ಮ ಹೊನ್ನವ್ವನ್ನ ಅದ್ರೊಳಗೆ ಕೂಡಾಕ್ಬೇಡ, ಉಸಿರಾಡಂಗೆ ಬಿಡು ಅಂದಿದ್ದರು. ಆ ಅತ್ತೆಯೇ ಈಗ ಕಿಟಕಿ ಪಕ್ಕ ಕೂತಿದ್ದಾರೆ, ಹಣೆಯ ತುಂಬ ವಿಭೂತಿ, ಮಡಿಲಲ್ಲಿ ಮಠಕ್ಕೆ ಒಪ್ಪಿಸುವ ಹಣ್ಣಿನ ಚೀಲ, ಹನ್ನೊಂದು ಗಂಟೆಗೆ, ಸಿನಿಮಾ ಮಾಡಿಸುತ್ತಿರುವ ತರೀಕೆರೆಯ ಮಠದಲ್ಲಿ ಸ್ವಾಮಿಗಳು ಈ ಚೌಕಗಳನ್ನು ನೋಡುತ್ತಾರೆ, ಅವರು ಒಪ್ಪಿದರೆ ಅತ್ತೆಯ ಕಥೆ ಸಿನಿಮಾ, ಒಪ್ಪದಿದ್ದರೆ ಸ್ಟುಡಿಯೋದ ವಿಶ್ವಾರಾಧ್ಯನ ಹತ್ತಿರ ಬೇರೆ ಕಥೆ ಸಿದ್ಧವಿದೆ, ಅದನ್ನು ಅವನು ಮುಚ್ಚಿಟ್ಟಿಲ್ಲ, ಬೇಜಾರ್ ಮಾಡ್ಕೋಬೇಡಿ ಮೇಡಂ, ಎರಡು ಕಥೆ ಇಟ್ಕೊಳ್ಳೋದು ನಮ್ಮ ಪದ್ಧತಿ.

ಬೇಜಾರು ಯಾಕೆ, ಎರಡು ವರ್ಷ ಅವನ ಸ್ಟುಡಿಯೋಗೆ ಮನೆಯಿಂದಲೇ ಬರೆದುಕೊಟ್ಟಿದ್ದಾಳೆ, ಹಲ್ಲುಜ್ಜುವ ಬ್ರಷ್ಷು ಕುಣಿಯುವುದನ್ನು, ಜೀಪು ಕಣ್ಣೀರಿಡುವುದನ್ನು, ಹೊಟ್ಟೆಯೊಳಗೆ ಹುಳುಗಳು ಮದುವೆ ಮಾಡಿಕೊಳ್ಳುವುದನ್ನು, ನಿಮ್ಮೂರ ಕಥೆ ಏನಾದ್ರೂ ಇದ್ಯಾ ಅಂತ ಅವನು ಕೇಳಿದ್ದು ಒಂದೇ ಸಲ, ಬಾಯಿಗೆ ಬಂದದ್ದು ಹೊನ್ನವ್ವ, ಬೇರೆ ಯಾರು ಬರಬೇಕು, ಮದುವೆಯಾಗಿ ಬಂದ ವರ್ಷ ರಾಗಿ ಕಣದಲ್ಲಿ ಕೂತು ಕೇಳಿದ್ದು, ಅತ್ತೆ ಮೊರ ಕೆಳಗಿಟ್ಟು ಹೇಳುತ್ತಿದ್ದರು, ಮೂರು ದಿನ ಗಾಳೀನೇ ಇಲ್ಲ ಕಣೇ, ಅರಳಿ ಎಲೆ ಸೈತ ಅಲ್ಲಾಡ್ವಲ್ದು, ತೂರೋ ರಾಗಿ ಕಣದಾಗೇ ಕುಂತೈತೆ, ಗಂಡಸ್ರೆಲ್ಲ ಗಾಳೀನ ಬಯ್ದಿದ್ದೇ ಬಯ್ದಿದ್ದು, ಹೊನ್ನವ್ವ ಮಾತ್ರ ಕಣದ ಮೂಲೇಲಿ ಪೂಜೆಗೆ ಕುಂತ್ಲು, ಗಾಳಿ ಕೊಡಪ್ಪ ಅಂತ ಕೇಳ್ಲಿಲ್ಲ, ಏನೂ ಕೇಳ್ಲಿಲ್ಲ, ಲಿಂಗಾನ ಅಂಗೈಯಾಗಿಟ್ಕಂಡು ನೋಡಿದ್ಲು ನೋಡಿದ್ಲು, ಎಲ್ಲಿತ್ತೋ ಗಾಳಿ, ಬಂತು, ಬಂದು ಮೊದ್ಲು ಮುಟ್ಟಿದ್ದು ಅವಳ ಮುಖಾನ. ಅಷ್ಟೇ ಕಥೆ. ಆದರೆ ಅತ್ತೆ ಒಂದು ಸಲ ಹೇಳಿದಂತೆ ಇನ್ನೊಂದು ಸಲ ಹೇಳುವವರಲ್ಲ, ಸೋಮವಾರ ಅರಳಿಮರ, ಗುರುವಾರ ಹೊಂಗೆಮರ, ಇದ್ದಕ್ಕಿದ್ದಂತೆ ಕಣಕ್ಕೊಂದು ಕುಂಟ ನಾಯಿ ಬಂದು ಮಲಗಿತು, ಆಮೇಲೆ ಎದ್ದು ಹೋಯಿತು, ಕಾಗದವಾಗಿದ್ದರೆ ಕೋಮಲಾ ಅತ್ತುಬಿಡುತ್ತಿದ್ದಳು, ಕಡೂರಿನ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದಾಗ ಚಾರ್ಟಿನ ಚೂರುಗಳಿಗೆ ಕ್ಲಿಪ್ಪು ಸಿಕ್ಕಿಸಿ ದಾರಕ್ಕೆ ನೇತುಹಾಕಿ ಮಕ್ಕಳಿಗೆ ಕಥೆ ತೋರಿಸುತ್ತಿದ್ದಳಲ್ಲ, ಫ್ಯಾನು ಹಾಕಿದರೆ ಕಥೆಯೇ ಹಾರಿಹೋಗುತ್ತಿತ್ತು, ಇಲ್ಲಿ ಹಾಗಲ್ಲ, ಚೌಕವನ್ನು ಹಿಡಿದೆಳೆದು ಆಚೆಗಿಟ್ಟರೆ ಉಳಿದವು ತಾವೇ ಜರುಗಿ ಜಾಗ ಬಿಡುತ್ತವೆ, ಪಂಕ್ತಿಯಲ್ಲಿ ತಡವಾಗಿ ಬಂದವರಿಗೆ ಜರುಗಿ ಎಲೆ ಹಾಕಿಸುವ ಹಾಗೆ, ನಾಯಿಯನ್ನು ಬೇರೆ ಪದರದಲ್ಲಿ ಬರೆದಿದ್ದರಿಂದ ನಾಯಿ ಒಂದೇ ಎದ್ದು ಹೋಯಿತು, ಕಣದ ಒಂದು ಕಾಳೂ ಅಲುಗಲಿಲ್ಲ, ಹೊಸ ಚೌಕ ತೆರೆದರೆ ಹಿಂದಿನ ಚಿತ್ರ ಅಡಿಯಲ್ಲಿ ತೆಳ್ಳಗೆ ಮಂಜಿನಂತೆ ಕಾಣುತ್ತದೆ, ಹೋದ ಜನ್ಮದ ವಾಸನೆಯ ಹಾಗೆ, ಅದರ ಮೇಲೆ ಈ ಜನ್ಮದ ಗೆರೆ ಎಳೆದುಕೋ ಅನ್ನುತ್ತದೆ, ತಪ್ಪಿದರೆ ಒಂದು ಗುಂಡಿ, ತಪ್ಪೇ ಆಗಿರಲಿಲ್ಲವೆಂಬಂತೆ ಅಳಿಸಿಕೊಡುತ್ತದೆ, ಇಷ್ಟು ಸಹನೆಯನ್ನು ಕಬ್ಬಿಣ ಗಾಜುಗಳಿಗೆ ಯಾರು ಕಲಿಸಿದರೋ, ಯಾವ ಪುಣ್ಯಾತ್ಮರ ಬುದ್ಧಿಯೋ, ದಿನಾ ಬೆಳಿಗ್ಗೆ ಪರದೆಯ ಮೇಲೆ ಪೆನ್ನಿನಿಂದ ಗೆರೆ ಎಳೆಯುವ ಮೊದಲು ಅವಳು ಆ ಪರದೆಯನ್ನು ಕಣ್ಣಿಗೊತ್ತಿಕೊಳ್ಳುತ್ತಾಳೆ, ಯಾರೂ ನೋಡದಿದ್ದಾಗ.

ಏನವ್ವಾ ಇದು, ಟಿವಿಯಾ, ಈಚೆ ಪಕ್ಕದ ಯಲ್ಲಮ್ಮ ಬಗ್ಗಿ ಕೇಳುತ್ತಾಳೆ, ಬಸ್ಸು ಹತ್ತಿದ ಐದು ನಿಮಿಷದಲ್ಲಿ ತನ್ನ ಹೆಸರು, ಕುರಿಗಳ ಸಂಖ್ಯೆ, ಮಂಡಿನೋವು ಎಲ್ಲ ಹೇಳಿ ಮುಗಿಸಿದ್ದಾಳೆ, ಟಿವಿಯಲ್ಲ ಕಣಮ್ಮ, ಚಿತ್ರ ಬರಿಯೋದು, ಅಯ್ಯೋ ಬರ್ದಿರೋದಾ, ನಾನು ನಿನ್ನ ನೆಂಟ್ರು ಯಾರೋ ಸತ್ತೋರ ಫೋಟ ಅಂದ್ಕಂಡೆ. ಅತ್ತೆಗೆ ನಗು ತಡೆಯಲಾಗದೆ ಕೆಮ್ಮು ಬಂತು, ಎಲ್ಲಿ, ನಂಗೂ ತೋರ್ಸು, ರಾತ್ರಿ ಏನೋ ತಿದ್ದಿದೆ ಅಂದ್ಯಲ್ಲ ಅಂತ ಕನ್ನಡಕ ಏರಿಸಿದರು, ಕೋಮಲಾ ಹೆಮ್ಮೆಯಿಂದಲೇ ಗುಂಡಿ ಒತ್ತಿದಳು, ಕಣ, ಜನ, ಅಲುಗದ ಎಲೆ, ಮೂಲೆಯಲ್ಲಿ ಹೊನ್ನವ್ವ, ಅಂಗೈ, ಲಿಂಗ — ನಿಲ್ಸು. ನಿಲ್ಸೇ. ಇವ್ಳೇನೇ ಲಿಂಗಾನ ಬಲಗೈಲಿ ಹಿಡ್ಕಂಡವ್ಳೆ.

ಬಲಗೈ. ಹೌದು. ನಿನ್ನೆ ಸಂಜೆ ವಿಶ್ವಾರಾಧ್ಯ ಫೋನಿನಲ್ಲಿ, ಪೂಜೆಗೆ ಕೂತಾಗ ಅಜ್ಜಿ ಬಲಕ್ಕೆ ಮುಖ ಮಾಡಿದಾಳೆ, ಗಾಳಿ ಬರೋದು ಎಡಗಡೆಯಿಂದ, ಬೆನ್ನಿಗೆ ಹೊಡೆದಂಗಾಗುತ್ತೆ ಮೇಡಂ, ಆ ಹದಿನೆಂಟು ಪ್ಯಾನೆಲ್ಲೂ ಫ್ಲಿಪ್ ಮಾಡ್ಬಿಡಿ, ಮಾಡಿದಳು, ಹದಿನೆಂಟನ್ನೂ ಒಟ್ಟಿಗೆ ಹಿಡಿದು ಒಂದು ಗುಂಡಿ, ಕನ್ನಡಿಯೊಳಗೆ ಹೊಕ್ಕು ಆಚೆಯಿಂದ ಬಂದ ಹಾಗೆ ಹದಿನೆಂಟು ಹೊನ್ನವ್ವಂದಿರೂ ಎಡಕ್ಕೆ ತಿರುಗಿ ಗಾಳಿಗೆ ಮುಖವೊಡ್ಡಿದರು, ಎಂಥ ಯಂತ್ರವಪ್ಪಾ ಅಂತ ಅವಳು ಚಪ್ಪಾಳೆ ತಟ್ಟಿದ್ದೂ ಉಂಟು, ಮುಖ ನೋಡಿದಳು, ಗಾಳಿ ನೋಡಿದಳು, ಕೈ ನೋಡಲಿಲ್ಲ, ಗೆರೆ ಸೊಟ್ಟಗಿದೆಯೋ ಅಂತ ಪರೀಕ್ಷಿಸಲು ದಿನಕ್ಕೆ ನೂರು ಸಲ ಚಿತ್ರವನ್ನು ಕನ್ನಡಿ ಮಾಡಿ ನೋಡುವ ಕಣ್ಣು ಅದು, ಅದಕ್ಕೆ ಎಡವೂ ಒಂದೇ ಬಲವೂ ಒಂದೇ, ಆದರೆ ಕೋಮಲಾ, ದಿನಾ ಬೆಳಿಗ್ಗೆ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂರುವವಳು ನೀನೇ ಅಲ್ಲವೇನೇ. ಅತ್ತೆ ಬಯ್ಯಲಿಲ್ಲ, ಬೈದಿದ್ದರೆ ವಾಸಿಯಿತ್ತು, ಸ್ವಾಮಿಗಳ ಮುಂದೆ ಇದನ್ನ ಹಾಕಿದ್ರೆ ಹೊನ್ನವ್ವನ ಕಥೆ ಹೇಳಿದ ಬಾಯಿ ನಂದು ಅಂತ ಹೆಂಗೆ ಹೇಳ್ಲೇ ಅಂದರು, ಮೆಲ್ಲಗೆ, ಕಿಟಕಿಯ ಕಡೆ ತಿರುಗಿ. ಆ ವಿಶ್ವಾರಾಧ್ಯನೂ ಲಿಂಗ ಕಟ್ಟಿದೋನೇ, ಅವನ್ಗೂ ಕಾಣ್ಲಿಲ್ವಾ. ಏನಾಯ್ತವ್ವಾ, ಏನಾರ ಕಳೆದೋಯ್ತಾ ಅಂತಾಳೆ ಯಲ್ಲಮ್ಮ.

ವಾಪಸ್ ತಿರುಗಿಸಿದರೆ, ಒಂದು ಗುಂಡಿ, ಕೈ ಸರಿಹೋಗುತ್ತದೆ, ಆದರೆ ಗಾಳಿ ಬೆನ್ನಿಗೆ, ಬಂದು ಮೊದ್ಲು ಮುಟ್ಟಿದ್ದು ಅವಳ ಮುಖಾನ, ಅದಿಲ್ಲದೆ ಏನು ಉಳಿಯಿತು, ಹೊಸದಾಗಿ ಬರೆಯುವುದೆಂದರೆ ಹದಿನೆಂಟು ಜೊತೆ ಕೈ, ತರೀಕೆರೆಗೆ ಇನ್ನು ಮುಕ್ಕಾಲು ಗಂಟೆಯೂ ಇಲ್ಲ, ಪೆನ್ನು ಇಟ್ಟು ನೋಡಿದಳು, ಬಸ್ಸು ಗುಂಡಿಗೆ ಇಳಿದು ಹತ್ತಿತು, ಬೆರಳು ಬರೆಯಹೋಗಿ ಬೇರು ಬಂತು, ಅಳಿಸು, ಶಿವನೇ, ಕೈ ಕಾಣದ ಹಾಗೆ ಮಾಡಿದರೆ, ಕೈ ಕಾಣದ ಹಾಗೆ — ಕ್ಯಾಮೆರಾ ಇದೆಯಲ್ಲ, ಚಿತ್ರದ ಮೇಲೆ ಕೂರುವ ಆ ಕೆಂಪು ಚೌಕಟ್ಟು, ಅದರೊಳಗಿದ್ದಷ್ಟೇ ನೋಡುವವರಿಗೆ ಕಾಣುವುದು, ಚಿತ್ರ ಬದಲಿಸಬೇಕಿಲ್ಲ, ಚೌಕಟ್ಟನ್ನು ಮೇಲಕ್ಕೆ ಎಳೆದರೆ ಕೈ ಹೊರಗೆ ಉಳಿಯುತ್ತದೆ, ಮುಖ ಒಳಗೆ, ಎಳೆದಳು, ಅಯ್ಯೋ ಎಷ್ಟು ಸಲೀಸಾಗಿ ಬಂತು, ಮೊದಲಿಗಿಂತ ಚೆನ್ನಾಗಿದೆ, ಮುಖ ಹತ್ತಿರವಾಯಿತು, ಕಣ್ಣಂಚಿನ ಸುಕ್ಕು ಕಾಣುತ್ತದೆ, ಎರಡನೆಯದು, ಮೂರನೆಯದು, ಇದಕ್ಕೆ ಬಸ್ಸಿನ ಕುಲುಕಾಟ ಲೆಕ್ಕವಿಲ್ಲ, ಬೆರಳಲ್ಲಿ ತಳ್ಳಿದರಾಯಿತು, ಹದಿನೇಳು ಮುಗಿದವು, ಉಳಿದದ್ದು ಒಂದು, ಎಂಬತ್ತೆಂಟನೆಯ ಚೌಕ, ಅದರಲ್ಲಿ ಕೈಯೇ ಎಲ್ಲ, ಅಂಗೈ ಮತ್ತು ಲಿಂಗ, ಅದನ್ನು ಹೊರಗೆ ತಳ್ಳಿದರೆ ಹೊನ್ನವ್ವ ಸುಮ್ಮನೆ ತೂಕಡಿಸುವ ಮುದುಕಿ.

ರೈಲ್ವೆ ಗೇಟು ಬಿದ್ದಿತ್ತು. ಡ್ರೈವರ್ ಇಂಜಿನ್ ಆರಿಸಿದ, ಕಂಡಕ್ಟರ್ ಬಾಗಿಲಿಗೊರಗಿ, ಗೂಡ್ಸ್ ಗಾಡಿ ಕಣ್ರೀ, ಒಂದು ನಿದ್ದೆ ತೆಗೀರಿ ಎಲ್ಲ ಅಂದ, ಸೌತೆಕಾಯಿ ಬುಟ್ಟಿಯೊಂದು ಕಿಟಕಿಯಿಂದ ಕಿಟಕಿಗೆ ಹೋಯಿತು, ಬಸ್ಸು ಅಲುಗುತ್ತಿಲ್ಲ, ಏನೂ ಅಲುಗುತ್ತಿಲ್ಲ, ಕೋಮಲಾ ಎಂಬತ್ತೆಂಟನೆಯದರ ಜಾಗದಲ್ಲಿ ಹೊಸ ಚೌಕ ತೆರೆದಳು, ಬಿಳಿ, ಎದುರಿನಿಂದ ನೋಡಿದರೆ ತಾನೇ ಎಡ ಬಲದ ಗೊಂದಲ, ಪಕ್ಕದಿಂದ ನೋಡಿದರೆ ತಾನೇ, ಹೊನ್ನವ್ವನ ಎದುರು ಯಾಕೆ ಕೂರಬೇಕು, ಅವಳು ಕೂತ ಜಾಗದಲ್ಲೇ ಕೂತು, ಅವಳ ಕಣ್ಣಿನಿಂದಲೇ ಕೆಳಗೆ ನೋಡಿದರೆ — ತನ್ನ ಎಡಗೈಯನ್ನು ಮಡಿಲಲ್ಲಿ ಬಿಚ್ಚಿಟ್ಟಳು, ಬಲಗೈಯಲ್ಲಿ ಪೆನ್ನು, ದಿನಾ ಕೂರುವ ಹಾಗೆಯೇ ಕೂತಿದ್ದಾಳೆ, ಬೆನ್ನು ನೇರ, ನೋಟ ಕೆಳಗೆ, ಗೆರೆ ಬಂತು, ಹೆಬ್ಬೆರಳ ಬುಡ, ನಾಲ್ಕು ಬೆರಳು ಕೊಂಚ ಮಡಿಸಿ, ಈಳಿಗೆಮಣೆ ತಾಗಿದ ಹಳೆಯ ಗಾಯದ ಗುರುತೂ ಬಂತು, ಅತ್ತೆ ಯಾವಾಗಲೋ ಇತ್ತ ತಿರುಗಿದ್ದರು, ಹೊನ್ನವ್ವಂಗೂ ಗಾಯ ಆಗಿತ್ತೇನೇ, ಅಳಿಸಲಾ ಅತ್ತೆ, ಬ್ಯಾಡ ಇರ್ಲಿ ಬಿಡು, ಕುಡುಗೋಲು ಹಿಡ್ದೋಳಲ್ವಾ. ಅಂಗೈ ನಡುವೆ ಲಿಂಗ, ಅದಕ್ಕೆ ಗೆರೆ ಸಾಲದು, ಸುತ್ತ ಕಪ್ಪು ತುಂಬಿ ಅಲ್ಲಿ ಮಾತ್ರ ಬೆಳಕು ಉಳಿಸಿದಳು, ಎಡ ಅಂಚಿನಿಂದ ಒಂದೇ ಒಂದು ಬಿಳಿಗೂದಲು ಗಾಳಿಗೆ ಹಾರಿ ಬಂದು ಅಡ್ಡ ಬಿದ್ದಿತು, ಎಷ್ಟು ಹೊತ್ತು ನಿಲ್ಲಬೇಕು ಇದು, ಆರು ಸೆಕೆಂಡು, ಅಲ್ಲ, ಎಂಟು, ಗೂಡ್ಸ್ ಗಾಡಿ ಧಡಧಡ ಹಾಯುತ್ತಲೇ ಇದೆ, ಯಲ್ಲಮ್ಮ ಸೌತೆಕಾಯಿ ಕಚ್ಚುವುದನ್ನು ಬಿಟ್ಟು ಪರದೆಯ ಮೇಲೆ ಬಾಗಿದ್ದಾಳೆ, ಯವ್ವಾ, ಇದು ನನ್ ಕೈಯಿದ್ದಂಗೇ ಐತಲ್ಲ, ನಾನೇ ಹಿಡ್ಕಂಡಂಗೆ, ಚೀಲ ಜಾರಿ ಹಣ್ಣೊಂದು ಕಾಲ ಬಳಿ ಉರುಳಿದ್ದೂ ಅತ್ತೆಗೆ ತಿಳಿದಿಲ್ಲ, ಗೇಟು ಎದ್ದಿರಬೇಕು, ಬಸ್ಸು ಹೊರಟಿರಬೇಕು, ಹನ್ನೊಂದಕ್ಕೆ ಸ್ವಾಮಿಗಳು, ವಿಶ್ವಾರಾಧ್ಯ, ಪರದೆ, ನೋಡುವವರು ಯಾರೇ ಇರಲಿ ತಲೆ ಬಾಗಿಸಿ ನೋಡಬೇಕು, ಅವರವರ ಮಡಿಲಲ್ಲೇ ತೆರೆದ ಹಾಗೆ, ಕಪ್ಪಿನ ನಡುವೆ ಎಡ ಅಂಗೈ, ಬೆಳಕು, ಒಂದು ಬಿಳಿಗೂದಲು, ಎಡ ಅಂಗೈ —