ದೊಡ್ಡಕ್ಕ ಕೊನೆಗೆ ಮಾತಾಡಿದ ಸಭೆ

ಆ ಲಾಂಡ್ರಿಯಲ್ಲಿ ದೊಡ್ಡಕ್ಕ ಹೇಳಿದ್ದೇ ಮಾತು. ಆಸ್ಪತ್ರೆಯ ಹೊದಿಕೆ, ಹೋಟೆಲಿನ ಟವೆಲ್ಲು ಎಲ್ಲವನ್ನೂ ಒಗೆದು, ಇಸ್ತ್ರಿ ಮಾಡಿ ಕೊಡುವ ಸಹಕಾರಿ ಲಾಂಡ್ರಿ ಅದು. ದುಡಿಯುವವರೇ ಅದರ ಮಾಲೀಕರು. ಮನೆಮನೆಗೆ ಹೋಗಿ ಬಟ್ಟೆ ಒಗೆಯುತ್ತಿದ್ದ ಹೆಂಗಸರನ್ನು ಕೂಡಿಸಿ ಅದನ್ನು ಕಟ್ಟಿದವಳು ದೊಡ್ಡಕ್ಕ. ಶುರುವಿನಿಂದಲೂ ಅವಳೇ ಅಧ್ಯಕ್ಷೆ. ಯಾರ ಮಗುವಿಗೆ ಜ್ವರ, ಯಾರ ಮನೆಯಲ್ಲಿ ಜಗಳ, ಎಲ್ಲ ಅವಳಿಗೆ ಗೊತ್ತು. ಎಲ್ಲರಿಗೂ ಅವಳೆಂದರೆ ಪ್ರಾಣ.

ಆದರೆ ಆಡಳಿತ ಮಂಡಳಿಯ ಸಭೆ? ನಿರ್ದೇಶಕರು ಬಂದು ಕೂರುವರು. ದೊಡ್ಡಕ್ಕ ವಿಷಯ ಹೇಳುವಳು, ತೀರ್ಮಾನವನ್ನೂ ಅವಳೇ ಹೇಳುವಳು. "ಎಲ್ರಿಗೂ ಒಪ್ಪಿಗೆ ತಾನೆ?"

"ನೀವು ಹೇಳಿದ್ಮೇಲೆ ಇನ್ನೇನಕ್ಕ!"

ಮುಗಿಯಿತು. ತಂದಿಟ್ಟ ಚಹಾ ಆರುವುದರೊಳಗೆ ಸಭೆ ಖಲಾಸ್.

ಈ ಸಲ ಹೊಸದಾಗಿ ಆರಿಸಿ ಬಂದ ನಿರ್ದೇಶಕಿ ಚಿಕ್ಕಿ. ದೊಡ್ಡಕ್ಕನ ತಮ್ಮನ ಹೆಂಡತಿ, ಇಸ್ತ್ರಿ ವಿಭಾಗದವಳು. ಅವಳಿಗೆ ಕೆಲಸ ಕಲಿಸಿದವಳೂ ಬಾಣಂತನ ಮಾಡಿದವಳೂ ದೊಡ್ಡಕ್ಕನೇ.

ಚಿಕ್ಕಿಯ ಮೊದಲ ಸಭೆಗೆ ಬಂದದ್ದು ಬಾಯ್ಲರಿನ ವಿಷಯ. ಇಡೀ ಲಾಂಡ್ರಿಗೆ ಉಗಿ ಕೊಡುವ ದೊಡ್ಡ ಕಬ್ಬಿಣದ ಹಂಡೆ ಅದು. ಹಳೆಯದಾಗಿತ್ತು, ಆಗಾಗ ಒಳಗಿಂದ ಢಬಢಬ ಸದ್ದು ಬರುತ್ತಿತ್ತು. ಹೊರಗಿನ ಪರಿಣತರು ಬಂದು ಪರೀಕ್ಷಿಸಬೇಕಾದ ಗಡುವೂ ದಾಟಿತ್ತು.

"ಪರೀಕ್ಷೆ ಅಂದ್ರೆ ಬಾಯ್ಲರ್ ಆರಿಸ್ಬೇಕು, ಕೆಲಸ ನಿಲ್ಲುತ್ತೆ" ಅಂದಳು ದೊಡ್ಡಕ್ಕ. "ಈ ಕೆಲಸದ ಗಡಿಬಿಡಿ ಕಳೀಲಿ. ಅಲ್ಲೀವರೆಗೆ ನಮ್ಮ ಅಳಿಯ ನೋಡ್ಕೋತಾನೆ. ರಿಪೇರಿನೂ ಅವನಿಗೇ ಕೊಡೋಣ."

ಅಳಿಯ ಮೆಕ್ಯಾನಿಕ್. ಎಲ್ಲರೂ ತಲೆಯಾಡಿಸಿದರು, ಚಿಕ್ಕಿಯೂ ಆಡಿಸಿದಳು. ಆದರೆ ಮನಸ್ಸು ಒಪ್ಪಲಿಲ್ಲ. ಆ ಬಾಯ್ಲರಿನ ಪಕ್ಕದಲ್ಲೇ ದಿನವಿಡೀ ನಿಲ್ಲುವವನು ಅವಳ ಗಂಡ.

ಸಂಜೆ ಪಕ್ಕದ ಮನೆಗೆ ಹೋದಳು. ಅಲ್ಲಿ ಅವಳ ಗೆಳತಿ ಟೈಲರಮ್ಮ ದಿಂಬಿನ ಚೀಲ ಹೊಲಿಯುತ್ತಿದ್ದಳು. ಅವಳೂ ತನ್ನ ಹೊಲಿಗೆ ಸಂಘದಲ್ಲಿ ನಿರ್ದೇಶಕಿ. ಚಿಕ್ಕಿ ಸಭೆಯಲ್ಲಿ ನಡೆದದ್ದನ್ನೆಲ್ಲ ಹೇಳಿಕೊಂಡಳು.

"ಮನಸ್ಸಲ್ಲಿ ಅನುಮಾನ ಇತ್ತಲ್ಲ, ಯಾಕೆ ಕೇಳ್ಲಿಲ್ಲ?" ಅಂದಳು ಟೈಲರಮ್ಮ.

"ನಂಗೇನು ಗೊತ್ತಾಗುತ್ತೆ ಬಾಯ್ಲರ್ ವಿಷಯ? ಕೈ ಎತ್ತೋಕೆ ತಾನೆ ನಮ್ಮನ್ನ ಕೂರ್ಸಿರೋದು?"

"ತಲೆ ಅಲ್ಲಾಡ್ಸೋಕೆ ಕೋಲೆಬಸವ ಸಾಕಿತ್ತು, ನೀನ್ಯಾಕೆ ಬೇಕಿತ್ತು?" ಇಬ್ಬರೂ ನಕ್ಕರು. ಟೈಲರಮ್ಮ ಮಷಿನ್ ನಿಲ್ಲಿಸಿದಳು. "ನೋಡು ಚಿಕ್ಕಿ, ಗೊತ್ತಿಲ್ದಿದ್ರೆ ಗೊತ್ತಿರೋರನ್ನ ಕರ್ಸಿ ಅಂತ ಕೇಳು. ಅದೂ ನಿರ್ದೇಶಕರ ಕೆಲಸವೇ. ನಮ್ಮಲ್ಲಿ ಸಭೆಗೆ ಮುಂಚೇನೇ ವಿಷಯ ಏನು ಅಂತ ತಿಳಿಸ್ತಾರೆ, ಯೋಚ್ನೆ ಮಾಡ್ಕೊಂಡು ಹೋಗ್ತೀವಿ. ಇನ್ನು ಯಾರದ್ದಾದ್ರೂ ಸಂಬಂಧಿಕರ ವಿಷಯ ಬಂದ್ರೆ ಅವರೇ ಹೇಳಿ ಎದ್ದು ಹೊರಗೆ ಹೋಗ್ತಾರೆ."

"ಅಯ್ಯೋ! ಅತ್ತಿಗೇನ ಹೊರಗೆ ಕಳ್ಸೋದಾ?"

"ಅವರ ಮರ್ಯಾದೆಗೂ ಅದೇ ಒಳ್ಳೇದು ಕಣೇ. ನಾಳೆ ಯಾರೂ ಬೆರಳು ತೋರ್ಸಲ್ಲ."

ಮನೆಗೆ ಬಂದು ಗಂಡನಿಗೆ ಹೇಳಿದರೆ ಅವನು ಕೈ ಅಡ್ಡ ಹಿಡಿದ. "ಅಕ್ಕನ ಎದುರು ಬಾಯಿ ತೆಗೀಬೇಡ ಮಾರಾಯ್ತಿ. ನಮ್ಮನ್ನ ಸಾಕಿದೋಳು ಅವಳು."

ಆದರೂ ಮರುದಿನ, ಹೊದಿಕೆಯ ಎರಡು ತುದಿ ಹಿಡಿದು ದೊಡ್ಡಕ್ಕನೂ ಅವಳೂ ಮಡಚುತ್ತಿದ್ದಾಗ, ಚಿಕ್ಕಿ ಮೆಲ್ಲಗೆ ಬಾಯಿಬಿಟ್ಟಳು. "ಅತ್ತಿಗೆ, ಆ ಬಾಯ್ಲರ್ ಅಂದ್ರೆ ನಂಗೆ ಭಯ ಆಗುತ್ತೆ. ಅದರ ವಿಷಯ ಇನ್ನೊಂದ್ಸಲ ಸಭೆಗೆ ತನ್ನಿ. ಅಳಿಯ ನಿಮ್ಮವರು. ಅವರ ಕೆಲಸದ ಮಾತು ಬಂದಾಗ ನೀವಿಲ್ದೆ ನಾವು ಮಾತಾಡಿದ್ರೆ ಒಳ್ಳೇದು."

ದೊಡ್ಡಕ್ಕನ ಮುಖ ಸಪ್ಪಗಾಯಿತು. "ನನ್ನ ಮೇಲೆ ನಂಬಿಕೆ ಇಲ್ವಾ?"

"ನಂಬಿಕೆ ಇರೋದಕ್ಕೇ ನಿಮ್ಮ ಹತ್ರಾನೇ ಹೇಳ್ತಿದೀನಿ."

ದೊಡ್ಡಕ್ಕ ತನ್ನ ಕೈಯಲ್ಲಿದ್ದ ತುದಿ ಬಿಟ್ಟು ಹೋದಳು. ಆ ದಿನವೆಲ್ಲ ಮುಖ ಊದಿಸಿಕೊಂಡಿದ್ದಳು. ಚಿಕ್ಕಿ ಉಳಿದ ಹೊದಿಕೆಗಳನ್ನು ಒಬ್ಬಳೇ ಮಡಚಿದಳು.

ಬೆಳಗಾಗುತ್ತಲೇ ದೊಡ್ಡಕ್ಕ ಅವರ ಮನೆಗೇ ಬಂದಳು. ಚಿಕ್ಕಿಯತ್ತ ನೋಡದೆ ತಮ್ಮನನ್ನು ಕೇಳಿದಳು. "ನಿಜ ಹೇಳೋ. ಆ ಬಾಯ್ಲರ್ ಅಂದ್ರೆ ನಿಂಗೂ ಭಯ ಇದ್ಯಾ?"

ಅವನು ನೆಲ ನೋಡಿದ. "ಇದೆ ಅಕ್ಕ. ಸದ್ದು ಜೋರಾದ್ರೆ ಗೋಡೆ ಕಡೆ ಸರಿದು ನಿಲ್ತೀನಿ."

"ಮತ್ಯಾಕೋ ಹೇಳ್ಲಿಲ್ಲ?"

"ನೀನು ಬೇಜಾರು ಮಾಡ್ಕೋತೀಯ ಅಂತ."

ದೊಡ್ಡಕ್ಕ ಅಲ್ಲೇ ಕುರ್ಚಿಯ ಮೇಲೆ ಕೂತಳು. ತನಗೆ ಬೇಜಾರಾಗಬಾರದೆಂದು ಒಡಹುಟ್ಟಿದವನೇ ಪ್ರಾಣ ಒತ್ತೆಯಿಟ್ಟು ನಿಂತಿದ್ದ! "ನನ್ನ ಕಂಡ್ರೆ ಇಷ್ಟೊಂದು ಹೆದರ್ತೀರಾ?" ಎಂದು ಕಣ್ಣೊರೆಸಿಕೊಂಡಳು. ಆಮೇಲೆ ಚಿಕ್ಕಿಯ ಕೈ ಹಿಡಿದು, "ನೀನೊಬ್ಳಾದ್ರೂ ಕೇಳಿದ್ಯಲ್ಲ ತಾಯಿ" ಅಂದಳು. ನೇರ ಬಾಯ್ಲರ್ ಕೋಣೆಗೆ ಹೋಗಿ ಉರಿ ಆರಿಸಲು ಹೇಳಿದಳು. ಸಭೆ ಕರೆದಳು.

ಸಭೆಯಲ್ಲಿ ಅವಳ ಮೊದಲ ಮಾತು ಇದು: "ಮೆಕ್ಯಾನಿಕ್ ನನ್ನ ಅಳಿಯ. ಹಾಗಾಗಿ ನಾನು ಹೊರಗೆ ಕೂತಿರ್ತೀನಿ. ನೀವು ತೀರ್ಮಾನ ಮಾಡಿ." ಹೊರಗೆ ಬಟ್ಟೆಯ ಗಂಟಿನ ಮೇಲೆ ಕೂತಳು. ಒಳಗಿಂದ ಮಾತು ಕೇಳಿಬಂತು. ಒಬ್ಬಳು "ಗಿರಾಕಿಗಳು ಬಿಟ್ಟು ಹೋದ್ರೆ?" ಅಂದಳು. ಇನ್ನೊಬ್ಬಳು "ಜೀವ ಹೋದ್ರೆ?" ಅಂದಳು. ಸದಾ ಮೂಕರಂತಿದ್ದವರು ಒಬ್ಬರ ಮೇಲೊಬ್ಬರು ಮಾತಾಡುತ್ತಿದ್ದರು. ದೊಡ್ಡಕ್ಕ ಮೊದಲು ಚಡಪಡಿಸಿದಳು, ಆಮೇಲೆ ತನ್ನಷ್ಟಕ್ಕೆ ನಕ್ಕಳು. "ಇವರಿಗೆಲ್ಲ ಬಾಯಿ ಇತ್ತಾ!"

ಹೊರಗಿನ ಪರಿಣತರನ್ನು ಕರೆಸುವುದು, ರಿಪೇರಿಯನ್ನೂ ಹೊರಗಿನವರಿಗೇ ಕೊಡುವುದು ಎಂದು ತೀರ್ಮಾನವಾಯಿತು. ಅವರು ಬಂದು ನೋಡಿದಾಗ, ಉಗಿ ಹೆಚ್ಚಾದರೆ ತಾನಾಗಿ ತೆರೆದುಕೊಳ್ಳಬೇಕಾದ ವಾಲ್ವು ಕಿಲುಬು ಹಿಡಿದು ಕಚ್ಚಿಕೊಂಡಿತ್ತು. "ಹೀಗೇ ಓಡಿಸಿದ್ದರೆ ಯಾವತ್ತಾದರೂ ಒಡೆಯುತ್ತಿತ್ತು" ಅಂದರು. ಅಳಿಯನ ಮುಖ ಬೆಳ್ಳಗಾಯಿತು. "ಅತ್ತೆ, ಬೇರೆಯವರು ನೋಡಿದ್ದೇ ಒಳ್ಳೇದಾಯ್ತು. ಏನಾದ್ರೂ ಆಗಿದ್ರೆ ನಾನು ಯಾರಿಗೆ ಮುಖ ತೋರಿಸ್ತಿದ್ದೆ?"

ರಿಪೇರಿ ಮುಗಿಯುವವರೆಗೆ ಆಸ್ಪತ್ರೆಯ ಬಟ್ಟೆಯನ್ನು ಊರಾಚೆಯ ಇನ್ನೊಂದು ಲಾಂಡ್ರಿಗೆ ಕೊಟ್ಟರು. ಉಳಿದದ್ದನ್ನು ಕೈಯಲ್ಲೇ ಒಗೆದರು. ತೋಳೇರಿಸಿ ಮೊದಲು ತೊಟ್ಟಿಗಿಳಿದವಳು ದೊಡ್ಡಕ್ಕ. ಒಂದಿಬ್ಬರು ಗಿರಾಕಿಗಳು ಗೊಣಗಿದರು, ಆದರೆ ಕಾರಣ ತಿಳಿದ ಮೇಲೆ ಕಾದರು.

ಈಗ ಅಲ್ಲಿ ಸಭೆಯ ವಿಷಯ ಎಲ್ಲರಿಗೂ ಮೊದಲೇ ತಿಳಿಯುತ್ತದೆ. ಒಪ್ಪದವರ ಮಾತನ್ನೂ ನಡಾವಳಿಯಲ್ಲಿ ಬರೆಯುತ್ತಾರೆ. ಮುಂದಿನ ಅಧ್ಯಕ್ಷರನ್ನು ತಯಾರು ಮಾಡುವ ಮಾತನ್ನೂ ದೊಡ್ಡಕ್ಕನೇ ಎತ್ತಿದ್ದಾಳೆ. ಎಲ್ಲಕ್ಕಿಂತ ಕಷ್ಟದ ಒಂದು ಅಭ್ಯಾಸವನ್ನೂ ಅವಳು ಕಲಿಯುತ್ತಿದ್ದಾಳೆ: ಎಲ್ಲರೂ ಮಾತಾಡುವವರೆಗೆ ತುಟಿ ಬಿಗಿಹಿಡಿದು ಕೂತು, ತನ್ನ ಅಭಿಪ್ರಾಯ ಕೊನೆಗೆ ಹೇಳುವುದು. ನಡುವೆ ಬಾಯಿ ಹಾಕಿದರೆ ಚಿಕ್ಕಿ ಕೆಮ್ಮುತ್ತಾಳೆ. "ಆಯ್ತಮ್ಮ, ಆಯ್ತು!" ಎಂದು ದೊಡ್ಡಕ್ಕ ಸುಮ್ಮನಾಗುತ್ತಾಳೆ.

ಓದುತ್ತಿರುವ ಅಕ್ಕ, ಅಣ್ಣ, ನೀವೂ ಒಂದು ಸಂಘದ, ಸಂಸ್ಥೆಯ, ಕಂಪನಿಯ ನಿರ್ದೇಶಕರೇ? ಹಾಗಾದರೆ ಆ ಕುರ್ಚಿ ನಿಮಗೆ ಸಿಕ್ಕಿರುವುದು ಹೂಂಗುಟ್ಟುವುದಕ್ಕಲ್ಲ. ವಿಷಯ ಮೊದಲೇ ತರಿಸಿಕೊಳ್ಳಿ. ನಿಮ್ಮವರ ಲಾಭದ ಮಾತು ಬಂದರೆ ನೀವೇ ಹೇಳಿ ಹೊರಗೆ ಹೋಗಿ. ತಿಳಿಯದ್ದನ್ನು ತಿಳಿದವರಿಂದ ಕೇಳಿ. ನೀವು ಅಧ್ಯಕ್ಷರಾಗಿದ್ದರೆ, ಸಭೆಯಲ್ಲಿ ಎಲ್ಲರೂ ತಲೆಯಾಡಿಸಿದಾಗ ಖುಷಿಪಡಬೇಡಿ. ಮೂಲೆಯಲ್ಲಿ ಸುಮ್ಮನೆ ಕೂತವರ ಕಡೆ ತಿರುಗಿ, "ನಿಮಗೇನು ಅನ್ನಿಸುತ್ತೆ?" ಎಂದು ಕೇಳಿ. ಕೇಳಿ, ಉತ್ತರ ಬರುವವರೆಗೆ ಕಾಯಿರಿ.