ಮಾಳಿಗೆಯಲ್ಲಿಟ್ಟ ತುಂಡು

ಡಾಕ್ಟರು ತಲೆ ಎತ್ತದೆ ಹೇಳಿದ್ದು ಇಷ್ಟೆ: ಒಂದೋ ಮನೆಯಿಂದ ಧೂಳು ಹೋಗಬೇಕು, ಇಲ್ಲವೇ ಇವರು ಹೋಗಬೇಕು. ಹೇಳಿ ಮುಂದಿನವರನ್ನು ಕರೆದರು.

ಅಕ್ಕನ ಎಕ್ಸ್‌ರೇ ಕವರನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತಮ್ಮ ಎದ್ದ. ಸಿಟ್ಟು ಬರಬೇಕಿತ್ತು. ಅವನ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ ಅಂತ ಇಡೀ ಬೀದಿಗೆ ಗೊತ್ತು. ಅವತ್ತು ತಡಕಿದರೂ ಸಿಗಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದವನ ದವಡೆಯ ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು.

ಅಕ್ಕ ತಮ್ಮಾ ತಮ್ಮಾ ಅಂತ ಕರೆದು ಕರೆದು ಬೀದಿಯವರಿಗೂ ಅವನು ತಮ್ಮನೇ ಆಗಿಹೋಗಿದ್ದ. ಅಪ್ಪ ಹಾಸಿಗೆ ಹಿಡಿದ ವರ್ಷ ಅವನು ಸ್ಕೂಲು ಬಿಟ್ಟು ಗರಗಸ ಹಿಡಿದ, ಅಕ್ಕ ಪಾಲಿಶ್ ಬಟ್ಟೆ ಹಿಡಿದಳು. ಅಪ್ಪ ಹೋದರೂ ಕೆಲಸ ಹಾಗೇ ನಡೆಯಿತು. ಮನೆಯ ಹಿಂಭಾಗದಲ್ಲಿ ಮರದ ಬೀರು ಮಾಡುವ ಕಾರ್ಖಾನೆ. ಕಾರ್ಖಾನೆ ಅನ್ನೋದು ದೊಡ್ಡ ಮಾತು. ಒಂದು ಗರಗಸದ ಮಷೀನು, ಹಲಗೆ ಹೆರೆಯುವ ಒಂದು ಹತ್ತರಿ ಮಷೀನು, ಒಂದು ಬೆಂಚು, ತಿರುಗಬೇಕಾದರೆ ಹೊಟ್ಟೆ ಒಳಗೆಳೆದುಕೊಳ್ಳಬೇಕಾದಷ್ಟು ಜಾಗ. ಅದರ ಮೇಲೆ ಮಾಳಿಗೆ, ಅಕ್ಕನ ರೂಮು. ಆ ರೂಮಿನ ನೆಲಕ್ಕೆ ಅಪ್ಪ ತನ್ನ ಕೈಯಾರೆ ಹಲಗೆ ಹೊಡೆದಿದ್ದ. ಬೀದಿ ಕಡೆಗೆ ಅಡುಗೆಮನೆ ಮತ್ತು ತಮ್ಮನ ರೂಮು. ಅವನು ಕೊಯ್ಯುತ್ತಿದ್ದ, ಅವಳು ಉಜ್ಜಿ ನುಣುಪು ಮಾಡಿ ವಾರ್ನಿಶ್ ಹಚ್ಚುತ್ತಿದ್ದಳು. ಉಜ್ಜಿದ್ದನ್ನು ಉಫ್ ಅಂತ ಊದಿ ಬೆರಳು ಆಡಿಸಿ ನೋಡುವುದು ಅವಳ ಅಭ್ಯಾಸ. ಎಷ್ಟು ವರ್ಷ ಊದಿದಳೋ, ಆ ಪುಡಿಯೆಲ್ಲ ವಾಪಸ್ ಅವಳ ಎದೆಯೊಳಗೆ ಹೋಗಿ ಕೂತಿತ್ತು.

ಚಿಕ್ಕಮ್ಮನ ಊರಲ್ಲಿ ಒಂದು ರೂಮು ಖಾಲಿ ಇತ್ತು. ಗಾಳಿ ಚೆನ್ನಾಗಿದೆ, ಕಳಿಸಿಬಿಡು ಅಂತ ಚಿಕ್ಕಮ್ಮ ಫೋನು ಮಾಡಿದ್ದಳು. ಅಲ್ಲಿ ಅಕ್ಕನಿಗೆ ಕೆಲಸವೂ ಇಲ್ಲ, ಗುರುತಿನ ಒಂದು ಮುಖವೂ ಇಲ್ಲ. ಆಸ್ಪತ್ರೆಯಿಂದ ಬಂದ ದಿನವೇ ಅಕ್ಕ ಅಟ್ಟದಿಂದ ಸೂಟ್‌ಕೇಸು ಇಳಿಸಿ, ಒರೆಸಿ, ಮೆಟ್ಟಿಲ ಕೆಳಗೆ ಇಟ್ಟಳು. ತಮ್ಮ ದಿನವೂ ಅದನ್ನು ದಾಟಿಕೊಂಡೇ ಓಡಾಡಿದ. ಅವಳು ಇರಬೇಕು ಅಂದರೆ ಧೂಳು ಎಳೆಯುವ ಮಷೀನು ತರಬೇಕು. ಯಾವುದು ಅನ್ನೋದೇ ಪ್ರಶ್ನೆ.

ಸೋದರಮಾವ ತನ್ನ ಸಾಮಾನು ಸಾಗಿಸುವ ಗಾಡಿಯಲ್ಲಿ ಅವನನ್ನು ಮಷೀನಿನ ಅಂಗಡಿಗೆ ಕರೆದುಕೊಂಡು ಹೋದ. ಆ ಅಂಗಡಿಯ ಮಾಲೆಲ್ಲ ಸಾಗಿಸುವವನು ಮಾವನೇ ಆದ್ದರಿಂದ ಅಂಗಡಿಯವನು ಕುರ್ಚಿ ಕೊಟ್ಟ, ಟೀ ತರಿಸಿದ, ಎರಡು ಮಷೀನು ತೋರಿಸಿದ. ಒಂದು ದೊಡ್ಡದು: ತೊಡೆ ಗಾತ್ರದ ಪೈಪು, ಮೇಲೆ ಬಟ್ಟೆಯ ಚೀಲ. ಸ್ವಿಚ್ ಒತ್ತಿದರೆ ಚೀಲ ಧಿಗ್ಗನೆ ಎದ್ದು ನಿಲ್ಲುತ್ತಿತ್ತು. ಇನ್ನೊಂದು ಚಿಕ್ಕದು: ಮುಂಗೈ ಗಾತ್ರದ ಪೈಪು, ದಪ್ಪ ಪುಡಿ ಬೀಳಲು ಒಂದು ಡ್ರಮ್ಮು, ಸಣ್ಣ ಪುಡಿ ಹಿಡಿಯಲು ಮಡಿಕೆ ಮಡಿಕೆಯಾದ ಕಾಗದದ ಫಿಲ್ಟರು. ಅಂಗಡಿಯವನು ಹಾಳೆ ಹಿಡಿದು ನಿಮಿಷಕ್ಕೆ ಎಷ್ಟು ಗಾಳಿ, ಎಷ್ಟು ಶಕ್ತಿ ಅಂತ ಓದುತ್ತಾ ಹೋದ. ಮನುಷ್ಯರು ಉಸಿರಾಡೋಕೆ ಯಾವುದು ಒಳ್ಳೇದು ಅಂತ ತಮ್ಮ ಕೇಳಿದ. ಹಾಳೆ ತಿರುಗಿಸಿ ನೋಡಿದ ಅಂಗಡಿಯವನು, ಎರಡೂ ಒಳ್ಳೆ ಮಾಲೇ ಅಂದ.

ಮಾವನಿಗೆ ದೊಡ್ಡದರ ಮೇಲೆ ಮನಸ್ಸು ಬಿದ್ದಿತ್ತು. "ನೋಡೋ ಅಳಿಯಾ, ಉಂಡೆದ್ದ ಬೀಗರ ಹೊಟ್ಟೆ ಇದ್ದಂಗಿದೆ. ಇದು ಧೂಳು ಬಿಡುತ್ತಾ? ಆ ಚಿಕ್ಕದು ಏನು, ಮೂಗು ಸೀಟೋಕಾ?"

ಕೊನೆಗೆ ಅಂಗಡಿಯವನು ಮಾವನ ಮುಖ ನೋಡಿ ಒಪ್ಪಿದ: ಒಂದೊಂದನ್ನೇ ಒಯ್ದು ಓಡಿಸಿ ನೋಡಿ, ಬೇಡದ್ದನ್ನು ವಾಪಸ್ ತನ್ನಿ.

ದೊಡ್ಡದು ಬಂತು. ಕಾರ್ಖಾನೆಯ ಅರ್ಧ ಅದೇ ತಿಂದಿತು. ಆದರೆ ಹತ್ತರಿ ಮಷೀನಿನಿಂದ ಬಿದ್ದ ಸಿಪ್ಪೆ ನೆಲ ಮುಟ್ಟುವ ಮೊದಲೇ ಮಾಯ. ಸಂಜೆ ಪೊರಕೆಗೆ ಕೆಲಸವೇ ಇಲ್ಲ. ಮಾವ ನೆಲದ ಮೇಲೆ ಅಂಗೈ ಒರೆಸಿ ತೋರಿಸಿ, ಇನ್ನು ಇಲ್ಲೇ ಎಲೆ ಹಾಕದೆ ಊಟ ಬಡಿಸಬಹುದು ಅಂದ. ಅಕ್ಕ ಬಾಗಿಲ ಹೊರಗೆ ಮೂಗಿಗೆ ಸೆರಗು ಹಿಡಿದು ನಿಂತಿದ್ದಳು. ತುಂಡು ಇಡು ಅಂದಳು.

ತುಂಡು ಅಂದರೆ ಅವಳದೊಂದು ಪದ್ಧತಿ. ಯಾವ ಬೀರುವಿಗೇ ಆಗಲಿ ಕೊನೆಯ ಕೈ ವಾರ್ನಿಶ್ ಹಚ್ಚುವ ಮೊದಲು, ಅಂಗೈ ಉದ್ದದ ಒಂದು ಕಪ್ಪು ಹಲಗೆ ತುಂಡಿಗೆ ವಾರ್ನಿಶ್ ಬಳಿದು ಅದೇ ಜಾಗದಲ್ಲಿ ಇಟ್ಟು ಬಾಗಿಲು ಹಾಕುತ್ತಿದ್ದಳು. ಗಾಳಿಯಲ್ಲಿ ತೇಲುವ ಪುಡಿಯೆಲ್ಲ ಹಸಿ ವಾರ್ನಿಶ್ ಮೇಲೆ ಕೂತು ಒಣಗುತ್ತಿತ್ತು. ಬೆಳಿಗ್ಗೆ ತುಂಡು ಕನ್ನಡಿಯಂತೆ ಹೊಳೆದು ಬೆರಳಿಗೆ ನುಣ್ಣಗೆ ಸಿಕ್ಕರೆ ಬೀರುವಿಗೆ ಹಚ್ಚುವುದು. ಒರಟಾಗಿದ್ದರೆ ಕಾಯುವುದು. ಆ ತುಂಡಿನ ಮಾತು ಮೀರಿ ಅವಳು ಯಾವತ್ತೂ ಬ್ರಷ್ ಎತ್ತಿದವಳಲ್ಲ.

ಬೆಳಿಗ್ಗೆ ತಮ್ಮ ಬೆರಳು ಆಡಿಸಿದ. ಬೆಕ್ಕಿನ ನಾಲಿಗೆ ಇದ್ದ ಹಾಗಿತ್ತು. ದೊಡ್ಡ ಮಷೀನು ಸಿಪ್ಪೆ ನುಂಗಿ, ಕಣ್ಣಿಗೆ ಕಾಣದ ಪುಡಿಯನ್ನು ಬಟ್ಟೆಯ ಚೀಲದ ಕಣ್ಣುಗಳಿಂದ ವಾಪಸ್ ಅದೇ ಕೋಣೆಗೆ ಉಗಿಯುತ್ತಿತ್ತು. ನೆಲ ಶುಭ್ರ, ಗಾಳಿ ಕೊಳಕು. ಕಾಣುವ ಕಸ ಗುಡಿಸಿದ ಮೇಲೆ ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ, ಉಳಿದದ್ದು ಯಾರದೋ ಎದೆಗೆ. ಮಾವ ಬೀಗರನ್ನು ಬೀಳ್ಕೊಡುವ ಮುಖ ಮಾಡಿಕೊಂಡು ಅದನ್ನು ಗಾಡಿಗೆ ಹತ್ತಿಸಿದ.

ಚಿಕ್ಕದು ಬಂತು. ಹತ್ತರಿಯ ಸಿಪ್ಪೆ ಅದರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ತಮ್ಮ ಆಗಾಗ ನಿಲ್ಲಿಸಿ ಪೈಪು ಬಡಿಯಬೇಕಿತ್ತು. ನೆಲದ ಮೇಲೆ ಸುರುಳಿಗಳು ಹಾಗೇ ಬಿದ್ದಿದ್ದವು. ಆದರೆ ಕಾರ್ಖಾನೆಯಲ್ಲಿಟ್ಟ ತುಂಡು ಬೆಳಿಗ್ಗೆ ಹೊಳೆಯಿತು. ಅದರಲ್ಲಿ ತಮ್ಮನಿಗೆ ಕಿಟಕಿಯ ಸರಳು ಕಂಡಿತು, ತನ್ನ ಗಡ್ಡ ಕಂಡಿತು. ಖುಷಿಯಾಗಬೇಕಿತ್ತು. ಸರಿ, ಅಂದುಕೊಂಡ. ಇನ್ನು ಅಕ್ಕ ಮಲಗುವ ಮಾಳಿಗೆಯಲ್ಲೂ ಒಂದು ತುಂಡು ಇಟ್ಟು ನೋಡಬೇಕಿತ್ತು.

ಮಲಗುವವಳು ನಾನು, ಮಾಳಿಗೆಯದ್ದನ್ನು ನಾನೇ ಇಟ್ಟು ನಾನೇ ತರ್ತೀನಿ ಅಂದಳು ಅಕ್ಕ. ಮಾರನೆಯ ಬೆಳಿಗ್ಗೆ ಕೆಮ್ಮುತ್ತಲೇ ಮೆಟ್ಟಿಲು ಇಳಿದು ಬಂದು ತುಂಡನ್ನು ಅವನ ಕೈಗೆ ಕೊಟ್ಟಳು. "ತಗೋ. ಮಗುವಿನ ಕೆನ್ನೆ ಇದ್ದಂಗಿದೆ. ಇದನ್ನೇ ಇಟ್ಕೊಳ್ಳೋಣ ಕಣೋ."

ನಿಜ, ಬೆರಳಿಗೆ ನುಣ್ಣಗಿತ್ತು. ತಮ್ಮ ಅದನ್ನು ಬೆಳಕಿಗೆ ಓರೆ ಮಾಡಿ ಹಿಡಿದ. ಹೊಳಪಿರಲಿಲ್ಲ. ಸರಳು ಇಲ್ಲ, ಗಡ್ಡ ಇಲ್ಲ, ಮಂಕು. ವಾರ್ನಿಶ್ ತಾನಾಗಿ ಒಣಗಿದರೆ ಹೊಳೆಯುತ್ತದೆ. ಸಣ್ಣ ಸ್ಯಾಂಡ್ ಪೇಪರ್ ತಿಕ್ಕಿದರೆ ನುಣುಪು ಬಂದು ಹೊಳಪು ಹೋಗುತ್ತದೆ. ಅದನ್ನು ಅವನಿಗೆ ಕಲಿಸಿದವಳೂ ಅವಳೇ.

ಅವನು ಅವಳ ಕಡೆ ನೋಡಲಿಲ್ಲ. "ತಿಕ್ಕಿದೀಯ," ಅಂದ.

ಅಕ್ಕ ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದಳು. "ಚಿಕ್ಕಮ್ಮನ ಮನೇಲಿ ನಾನು ಏನ್ ಮಾಡ್ಲಿ ಹೇಳು. ದಿನಾ ಗೋಡೆ ನೋಡ್ಕೊಂಡು ಚೆನ್ನಾಗಿ ಉಸಿರಾಡ್ಲಾ?"

ಅವನು ಮೇಲೆ ಹೋಗಿ ಅವಳ ಹಾಸಿಗೆ ಸುತ್ತಿ ಹೊತ್ತು ತಂದು ಬೀದಿ ಕಡೆಯ ತನ್ನ ರೂಮಿನಲ್ಲಿ ಹಾಸಿದ. ತನ್ನದನ್ನು ಮಾಳಿಗೆಗೆ ಒಯ್ದ. ಅವಳು ಮೆಟ್ಟಿಲ ಬುಡದಲ್ಲಿ ನಿಂತು, ನಿನ್ನ ಶ್ವಾಸಕೋಶ ಏನು ತಗಡಿಂದ ಮಾಡಿದ್ದಾ, ಯಾರು ದೊಡ್ಡವರು ಈ ಮನೇಲಿ ಅಂತ ಬೈದಳು. ಬೈಗುಳ ಅವನಿಗೆ ಪಕ್ಕದ ಮನೆಯ ರೇಡಿಯೋ ಥರ ಕೇಳಿಸಿತು. ಹೊಸ ತುಂಡಿಗೆ ವಾರ್ನಿಶ್ ಬಳಿದು ದಿಂಬಿನ ಪಕ್ಕ ಇಟ್ಟು ಮಲಗಿದ.

ಎದ್ದಾಗ ತುಂಡು ಒರಟಾಗಿತ್ತು. ದೊಡ್ಡ ಮಷೀನಿನ ದಿನ ಕೆಳಗೆ ಇಟ್ಟಿದ್ದಕ್ಕಿಂತ ಒರಟು. ನೆಲಕ್ಕೆ ಕೆನ್ನೆ ಹಚ್ಚಿ ಹಲಗೆಗಳ ಸಂದಿ ನೋಡಿದ. ಅಪ್ಪನ ಕಾಲದಿಂದ ಮೇಲೇರಿದ ಪುಡಿಯೆಲ್ಲ ಸಂದಿಗಳಲ್ಲಿ ತುಂಬಿಕೊಂಡಿತ್ತು. ಕೆಳಗೆ ಮಷೀನು ನಡುಗಿದಾಗ, ಯಾರಾದರೂ ಕಾಲಿಟ್ಟಾಗ, ಅದು ಏಳುತ್ತಿತ್ತು. ತಂದ ಮಷೀನು ಇವತ್ತಿನ ಧೂಳು ಹಿಡಿಯುತ್ತದೆ. ಇದು ಇವತ್ತಿನದಲ್ಲ.

"ಹೇಗಿದೆಯೋ?" ಕೆಳಗಿನಿಂದ ಅಕ್ಕ ಕೇಳಿದಳು.

ಅವನ ಶರ್ಟಿನ ಜೇಬಿನಲ್ಲಿ ಯಾವಾಗಲೂ ಇರುವ ಸ್ಯಾಂಡ್ ಪೇಪರ್ ಚೂರು ಇತ್ತು. ತೆಗೆದ. ತುಂಡಿನ ಮೂಲೆಗೆ ಒಂದು ಸಲ ಹಿಡಿದೂ ನೋಡಿದ. ಚೆನ್ನಾಗಿದೆ ಅಂದರೆ ಅವಳು ಕೆಳಗೆ ಉಳಿಯುತ್ತಾಳೆ, ಕೆಲಸ ನಡೆಯುತ್ತದೆ. ಮುಂದೊಂದು ದಿನ ತನ್ನ ಎಕ್ಸ್‌ರೇ ಕವರು ಅವಳ ಕಂಕುಳಲ್ಲಿ ಇರುತ್ತದೆ, ಅಷ್ಟೆ. ಆ ಯೋಚನೆಗೂ ಮೈ ಜುಂ ಅನ್ನಲಿಲ್ಲ. ಜುಂ ಅನ್ನದೇ ಇದ್ದದ್ದೇ ಯಾಕೋ ಅವನಿಗೆ ಸರಿ ಕಾಣಲಿಲ್ಲ. ಚೂರನ್ನು ಜೇಬಿಗೆ ತುರುಕಿ, ತುಂಡನ್ನು ಹಾಗೇ ಹಿಡಿದು ಇಳಿದ.

ಅಕ್ಕ ಮೊದಲು ಬೆಳಕಿಗೆ ಓರೆ ಮಾಡಿದಳು, ಆಮೇಲೆ ಬೆರಳು ಆಡಿಸಿದಳು. ಊದಲು ತುಟಿ ಮುಂದೆ ತಂದವಳು ಹಾಗೇ ನಿಂತಳು.

"ಹಲಗೆ ಕೀಳು," ಅಂದಳು.

"ಅಪ್ಪ ಹಾಕಿದ್ದು."

"ಗೊತ್ತು. ಮೊಳೆ ಕೊಟ್ಟವಳು ನಾನು. ಕೀಳು."

ಮಧ್ಯಾಹ್ನಕ್ಕೆ ಮಾವ ಹಲಗೆ ಮೀಟಲು ಸಬ್ಬಲು ಹಿಡಿದುಕೊಂಡು ಬಂದ. ಅವನು ಮೂಗು ಬಾಯಿಗೆ ಬಿಗಿಯಾಗಿ ಮಾಸ್ಕು ಕಟ್ಟಿಕೊಂಡಾಗ, ಅಂತೂ ಮಾವನ ಬಾಯಿ ಮುಚ್ಚೋ ಮಷೀನೂ ಬಂತು ಅಂತ ಅಕ್ಕ ಬೀದಿಯಲ್ಲಿ ನಿಂತೇ ಹೇಳಿದಳು. ಮಾಳಿಗೆಯ ರೂಮು ಹೋಗಿ ಕಾರ್ಖಾನೆಗೆ ಎತ್ತರದ ಸೂರು ಆಗುತ್ತದೆ, ತಮ್ಮ ಇನ್ನು ಅಡುಗೆಮನೆಯಲ್ಲಿ ಮಲಗುತ್ತಾನೆ ಅಂತ ತೀರ್ಮಾನವಾಗಿತ್ತು. ಚಿಕ್ಕ ಮಷೀನನ್ನು ವಾಪಸ್ ಕಳಿಸುವುದಿಲ್ಲ ಅಂತ ಅಂಗಡಿಗೆ ಹೇಳಿ ಕಳಿಸಿದ್ದರು.

ಮೊದಲ ಹಲಗೆ ಕಿರ್ ಅಂತ ಎದ್ದಿತು. ತೊಲೆಯ ಮೇಲೆ ಪುಡಿ ಕಂಬಳಿಯಂತೆ ಪದರ ಪದರವಾಗಿ ಕೂತಿತ್ತು. ಮೇಲಿನದು ಬೂದು. ಕೆಳಗೆ ಕೆಂಪು, ಅದರ ಕೆಳಗೆ ಹಳದಿ. ಯಾವ ಪದರ ಯಾವ ಬೀರುವಿನದು ಅಂತ ತಮ್ಮನಿಗೆ ಹೊಳೆಯುತ್ತಾ ಹೋಯಿತು. ತಳದಲ್ಲಿದ್ದ ಕಂದು ಅವನ ಕಾಲದ್ದಲ್ಲ, ಅಪ್ಪನದು. ಅವನು ಪೈಪಿನ ಬಾಯಿಯನ್ನು ಅದರ ಮೇಲಿಟ್ಟು ಸ್ವಿಚ್ ಒತ್ತಿದ. ಬೂದು, ಕೆಂಪು, ಹಳದಿ ಒಂದೊಂದಾಗಿ ಹೋದವು; ಕಂದಿನ ಮೇಲೆ ಪೈಪನ್ನು ನಿಧಾನಕ್ಕೆ ಎಳೆದ.

ಸಂಜೆ ಹೊರಗೆ ಬಂದಾಗ ಅಕ್ಕ ಬೀದಿಯ ಬದಿಯಲ್ಲಿ ಸೂಟ್‌ಕೇಸಿನ ಮೇಲೆ ಕೂತಿದ್ದಳು. ಅವನು ಅದನ್ನು ನೋಡಿದ್ದನ್ನು ನೋಡಿ, ಎದ್ದು ಮುಚ್ಚಳ ತೆರೆದು ತೋರಿಸಿದಳು. ಒಳಗೆ ಅವಳ ಬ್ರಷ್ಷುಗಳು, ಪಾಲಿಶ್ ಬಟ್ಟೆ, ಬಟ್ಟೆಯಲ್ಲಿ ಸುತ್ತಿದ ನಾಕಾರು ಕಪ್ಪು ತುಂಡು.

"ಧೂಳಾಗಬಾರ್ದು ಅಂತ ಇಟ್ಟೆ," ಅಂದು ಮುಚ್ಚಳ ಹಾಕಿದಳು.